ಹಿತ್ತಾಳೆ ತೊಳೆದ ನೀರು

ಸಿಡಿದ ತೋಟೆಯ ಹಿತ್ತಾಳೆ ಕೊಳವೆಯನ್ನು ತೊಳೆದು ಮತ್ತೆ ಮದ್ದು ತುಂಬುವ ಹವ್ಯಾಸ ಹೆಚ್ಚಾಗಿ ಅಮೆರಿಕದ್ದು. ಹಿತ್ತಾಳೆ ತೊಳೆಯುವ ತಲೆನೋವು ನಮ್ಮ ನಾಗಮಂಗಲದ್ದೂ ಹೌದು. ಅವರು ಅದಕ್ಕೊಂದು ಯಂತ್ರ ಮಾಡಿಕೊಂಡರು, ನಮ್ಮಲ್ಲಿ ಹೆಂಗಸರ ತೋಳಿಗೆ ಬಿಟ್ಟೆವು.

ಹಬ್ಬದ ಹಿಂದಿನ ದಿನ ಅಟ್ಟದಿಂದ ಇಳಿದ ಹಂಡೆ, ಚೊಂಬು, ದೀಪದ ಕಂಬಗಳನ್ನು ಹಿತ್ತಲಲ್ಲಿ ಹರಡಿಕೊಂಡು ಉಜ್ಜುತ್ತಾರಲ್ಲ, ಚೊಂಬಿನ ಬುಡದಲ್ಲಿ ಸೀಳು ಬಿಟ್ಟಿರುವುದು ಗೊತ್ತಾಗುವುದು ಆ ದಿನವೇ. ಕಿಲುಬು ಇದ್ದಷ್ಟು ದಿನ ಸೀಳಿಗೂ ಕಿಲುಬಿನದೇ ಬಣ್ಣ.

ತೋಟೆ ತೊಳೆಯುವವನೂ ಮೊದಲು ಹುಡುಕುವುದು ಸೀಳನ್ನೇ. ಬುಡದಿಂದ ತುಸು ಮೇಲೆ, ಸುತ್ತಲೂ ತೆಳುವಾದ ಹೊಳೆಯುವ ಗೆರೆ ಕಂಡರೆ ಆ ಕೊಳವೆಯ ಆಯುಷ್ಯ ತೀರಿತು. ಒಳಗೆ ಲೋಹ ಎಳೆದು ತೆಳುವಾಗಿದೆ ಎಂದರ್ಥ. ಮಸಿಯ ಕೆಳಗೆ ಆ ಗೆರೆ ಕಾಣದು. ಕಾಣದೆ ತುಂಬಿದವನಿಗೆ ಅದು ಕೆನ್ನೆಯ ಪಕ್ಕದಲ್ಲೇ ಬಿರಿದು ಕಾಣಿಸಿಕೊಳ್ಳುತ್ತದೆ.

ಯಂತ್ರ ದೊಡ್ಡದೇನಲ್ಲ. ಒಳಗೋಡೆಗೆ ರಬ್ಬರ್ ಹೊದಿಸಿದ ಒಂದು ಡ್ರಮ್ಮು, ಅದನ್ನು ನಿಧಾನಕ್ಕೆ ಉರುಳಿಸುವ ಒಂದು ಮೋಟಾರು. ಡ್ರಮ್ಮಿನೊಳಗೆ ಖಾಲಿ ತೋಟೆ, ನೀರು, ಪಾತ್ರೆ ತೊಳೆಯುವ ಸೋಪು ಸ್ವಲ್ಪ, ಚಿಟಿಕೆ ನಿಂಬೆ ಉಪ್ಪು, ಜೊತೆಗೆ ಸುಮಾರು 1 ಮಿಲಿಮೀಟರ್ ದಪ್ಪ, 6 ಮಿಲಿಮೀಟರ್ ಉದ್ದದ ಸ್ಟೀಲ್ ಕಡ್ಡಿಚೂರುಗಳು. ಎರಡು ಮೂರು ಗಂಟೆ ಉರುಳಿದರೆ, ಮದ್ದಿಗೆ ಕಿಡಿ ಕೊಡುವ ಕೇಪು ಕೂರುವ ಗುಳಿಯ ಒಳಗೂ ಹೊಸದರ ಬಣ್ಣ ಬರುತ್ತದೆ. ಲೆಕ್ಕ ಹಾಕಿದರೆ ಇದು ನಮ್ಮ ಹಿತ್ತಲಿನ ಸರಂಜಾಮೇ. ಹುಳಿಗೆ ಹುಣಸೆಹಣ್ಣು, ಜಿಡ್ಡಿಗೆ ಬೂದಿ, ಉಜ್ಜಲಿಕ್ಕೆ ತೆಂಗಿನ ನಾರು.

ಬೆರಳು ಹೋಗದ ಕಡೆಗೆ ಕಡ್ಡಿಚೂರು ಹೋಗುತ್ತದೆ. ಕಡ್ಡಿಚೂರು ಸಿಕ್ಕಿಕೊಂಡ ಕಡೆಗೆ ಮತ್ತೆ ಬೆರಳೇ ಹೋಗಬೇಕು.

ತೋಟೆಯ ಹಿತ್ತಾಳೆಯಲ್ಲಿ 100ಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಹುಳಿ ಮೊದಲು ಕಿಲುಬನ್ನು ತಿನ್ನುತ್ತದೆ. ಕಿಲುಬು ಮುಗಿದ ಮೇಲೂ ಬಿಟ್ಟರೆ ಸತುವಿಗೆ ಬಾಯಿ ಹಾಕುತ್ತದೆ. ಸತು ಹೋದ ಮೈಮೇಲೆ ತಾಮ್ರ ಉಳಿದು ಹಿತ್ತಾಳೆ ಕೆಂಪಗಾಗುತ್ತದೆ. ಅಮೆರಿಕದ ಕೈಪಿಡಿಗಳು ಇದನ್ನು ಎಚ್ಚರಿಕೆಯೆಂದು ಅಚ್ಚು ಹಾಕುತ್ತವೆ. ನಮ್ಮ ಕಡೆ ಅತ್ತೆ ಸೊಸೆಗೆ ಒಂದೇ ಮಾತಲ್ಲಿ ಮುಗಿಸುತ್ತಾಳೆ: "ಹುಣಸೆಹಣ್ ಬಳ್ದು ಹಂಗೇ ಬುಟ್ಬುಡಬ್ಯಾಡ ಕಣವ್ವ, ಕೆಂಪಾಯ್ತದೆ."

ಕೊಳೆ ಎಲ್ಲಿ ಮುಗಿಯಿತು, ಪಾತ್ರೆ ಎಲ್ಲಿ ಶುರುವಾಯಿತು ಅನ್ನುವುದು ಹುಳಿಗೆ ಗೊತ್ತಿಲ್ಲ.

ಹಿತ್ತಾಳೆಗೆ ಮಸಿಗಿಂತ ದೊಡ್ಡ ಶತ್ರು ಅಮೋನಿಯಾ, ಮತ್ತು ಅದು ಪತ್ತೆಯಾದ ಕಥೆಯ ಬೇರು ನಮ್ಮ ದೇಶದಲ್ಲೇ ಇದೆ. ಬ್ರಿಟಿಷರ ಸೈನ್ಯ ಮಳೆಗಾಲದಲ್ಲಿ ಕೈಕಟ್ಟಿ ಕೂರುತ್ತಿತ್ತು. ತೋಟೆ ಪೆಟ್ಟಿಗೆಗಳನ್ನು ಕುದುರೆ ಲಾಯದಲ್ಲಿ ಒಟ್ಟುತ್ತಿದ್ದರು. ಮಳೆ ನಿಂತ ಮೇಲೆ ತೆರೆದರೆ, ಒಂದು ಗುಂಡೂ ಹಾರದ ಹೊಸ ತೋಟೆಗಳು ಸೀಳಿರುತ್ತಿದ್ದವು. ದೂರು ಹವೆಯ ಮೇಲೆ ಹೋಯಿತು, ರೋಗಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತಲೇ ಹೆಸರು ಬಿತ್ತು. ಕೊನೆಗೆ 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಕಾರಣ ಬಿಡಿಸಿಟ್ಟರು. ಗಂಜಲದಿಂದ ಏಳುವ ಅಮೋನಿಯಾ, ಜೊತೆಗೆ ತೇವ, ಜೊತೆಗೆ ಎಳೆದು ರೂಪಿಸುವಾಗ ಲೋಹದೊಳಗೆ ಉಳಿದುಬಿಟ್ಟ ಬಿಗಿತ. ಮೂರೂ ಕೂಡಿದಾಗ ಮಾತ್ರ ಸೀಳು. ಅಷ್ಟು ವರ್ಷ ಬೈಸಿಕೊಂಡಿದ್ದು ಮಳೆಗಾಲ, ತಪ್ಪು ಲಾಯದ್ದು. ಗಾಜು ಒರೆಸುವ ಅಮೋನಿಯಾ ದ್ರಾವಣ ಹಾಕಿ ತೋಟೆ ಬೆಳಗಬಾರದು ಅನ್ನುವುದು ಆ ಲಾಯದಿಂದ ಬಂದ ಪಾಠ.

ಬಳುಕದ ಬಿಗಿತ ಒಳಗಿದ್ದರೆ ವಾಸನೆಯೂ ಸಾಕು ಸೀಳಲಿಕ್ಕೆ.

ನಾಗಮಂಗಲ ಹಿತ್ತಾಳೆ ಪಾತ್ರೆಗೂ ಲೋಹದ ವಿಗ್ರಹಕ್ಕೂ ಹೆಸರಾದ ಊರು. ತಗಡನ್ನು ಬಡಿದು ಪಾತ್ರೆ ಎಬ್ಬಿಸುವವನಿಗೆ ಒಂದು ಸತ್ಯ ಕೈಯಲ್ಲೇ ಇರುತ್ತದೆ: ಬಡಿದಷ್ಟೂ ಹಿತ್ತಾಳೆ ಗಡುಸಾಗುತ್ತದೆ, ಇನ್ನೊಂದು ಪೆಟ್ಟು ಜಾಸ್ತಿಯಾದರೆ ಬಾಯಿ ಬಿಡುತ್ತದೆ. ಆದ್ದರಿಂದ ನಡುನಡುವೆ ಕಾಯಿಸಿ ಹದಕ್ಕೆ ತರಬೇಕು. ತೋಟೆಯ ಕಥೆಯೂ ಇದೇ. ಒಂದೊಂದು ಸಲ ಸಿಡಿದಾಗಲೂ ಕೊಳವೆ ಉಬ್ಬಿ ನಳಿಗೆಯ ಗೋಡೆಗೆ ಅಂಟುತ್ತದೆ, ಹೊಗೆಯನ್ನು ಹಿಂದಕ್ಕೆ ಬಿಡದೆ ತಡೆಯುತ್ತದೆ, ಮರುಕ್ಷಣ ಕುಗ್ಗಿ ಸಡಿಲವಾಗುತ್ತದೆ. ಹಿತ್ತಾಳೆಯನ್ನು ಆರಿಸಿಕೊಂಡಿದ್ದೇ ಈ ಗುಣಕ್ಕೆ. ಉಬ್ಬಿ ಕುಗ್ಗಿ ಕತ್ತು ಗಡುಸಾದ ಮೇಲೆ ಬುಡವನ್ನು ನೀರಲ್ಲಿ ನಿಲ್ಲಿಸಿ ಕತ್ತಿಗೆ ಮಾತ್ರ ಬೆಂಕಿ ತೋರಿಸುತ್ತಾರೆ. ಬುಡ ಮೆತ್ತಗಾದರೆ ಕೋವಿಯೇ ಹೋಯಿತು. ಎಲ್ಲಿ ಮೃದುವಾಗಬೇಕು, ಎಲ್ಲಿ ಆಗಬಾರದು ಅನ್ನುವ ವಿಷಯದಲ್ಲಿ ಕಂಚುಗಾರ ಯಾವ ಗ್ರಂಥಕ್ಕೂ ಸಾಲ ಇಲ್ಲ.

ತೊಳೆಯುವುದರಿಂದ ವಯಸ್ಸು ಕಳೆಯದು. ಹೊಳೆಯುವ ಹಳೆಯದು ಹೊಳೆಯುವ ಹಳೆಯದೇ.

ತೊಳೆಯಲಾಗದ್ದು ಗುಜರಿಗೆ, ಗುಜರಿಯಿಂದ ಮೂಸೆಗೆ. ಹಿತ್ತಾಳೆ ಕರಗುವ ಬೆಂಕಿಗೂ ಸತು ಕುದಿಯುವ ಬೆಂಕಿಗೂ ಹೆಚ್ಚು ಅಂತರವಿಲ್ಲ. ಸತು ಕುದಿಯುವುದು 907 ಡಿಗ್ರಿ ಸೆಲ್ಸಿಯಸ್‌ಗೆ. ಆದ್ದರಿಂದ ಕರಗಿಸಿದಾಗಲೆಲ್ಲ ಒಂದಿಷ್ಟು ಸತು ಬಿಳಿ ಹೊಗೆಯಾಗಿ ಹೋಗುತ್ತದೆ, ಹೋದಷ್ಟನ್ನು ಮತ್ತೆ ಹಾಕಬೇಕು. ಆ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ. ಗುಜರಿ ಮೂಟೆಯಲ್ಲಿ ಸಿಡಿಯದ ತೋಟೆಯೊಂದು ಸೇರಿಕೊಂಡಿದ್ದರಂತೂ ಹೊಗೆಯಷ್ಟಕ್ಕೇ ಮುಗಿಯುವುದಿಲ್ಲ.

ತಿರುಗಿಸಿ ನುಣುಪು ಮಾಡುವುದು ನಮಗೆ ಹೊಸದಲ್ಲ. ಕೃಷ್ಣರಾಜಪೇಟೆ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಒಳಗೆ ಕಂಬಗಳು ನಿಂತಿವೆ, 13ನೇ ಶತಮಾನದವು. ಬಳಪದ ಕಲ್ಲನ್ನು ತಿರುಗಿಸಿ ತಿರುಗಿಸಿ ಕಡೆದದ್ದು. ಇವತ್ತಿಗೂ ಕೈಯಾಡಿಸಿದರೆ ನುಣುಪು. ಅಲ್ಲಿ ಕಲ್ಲು ತಿರುಗಿತು, ಉಳಿ ನಿಂತಿತು. ಡ್ರಮ್ಮಿನಲ್ಲಿ ಉಜ್ಜುವುದೂ ಉಜ್ಜಿಸಿಕೊಳ್ಳುವುದೂ ಒಟ್ಟಿಗೇ ಉರುಳುತ್ತವೆ, ಯಾರು ಯಾರನ್ನು ಉಜ್ಜಿದರೆಂದು ಹೇಳಲಾಗದು. ಹೊತ್ತು ಮೀರಿ ಉರುಳಿಸಿದರೆ ತೋಟೆಗಳೇ ಒಂದಕ್ಕೊಂದು ಬಡಿದು ಬಾಯಂಚು ಚಪ್ಪಟೆಯಾಗುತ್ತದೆ. ಗಡಿಯಾರ ಇಲ್ಲದವನು ಈ ಯಂತ್ರ ಇಟ್ಟುಕೊಳ್ಳಬಾರದು.

ಕೈಯಿಂದ ಉಜ್ಜಿದರೂ ಸವೆತ ತಪ್ಪದು. ಉತ್ಸವಮೂರ್ತಿಯ ಮುಖವನ್ನು ಹತ್ತಿರದಿಂದ ನೋಡಿ. ಎಷ್ಟೋ ಊರುಗಳಲ್ಲಿ ಮೂಗು, ತುಟಿ ಸವೆದು ನುಣ್ಣಗಾಗಿವೆ. ಯಾವ ದಾಳಿಕೋರನೂ ಮಾಡಿದ್ದಲ್ಲ. ತಲೆತಲಾಂತರ ಹುಣಸೆಹಣ್ಣಿಟ್ಟು ಉಜ್ಜಿದ ಭಕ್ತಿ ಮಾಡಿದ್ದು.

ಟಿಪ್ಪುವಿನ ಕಾಲದ ಶ್ರೀರಂಗಪಟ್ಟಣದ ಕೋಟೆಯಲ್ಲಿ ಖಾಲಿ ತೋಟೆ ಆರಿಸುವ ಕೆಲಸವೇ ಇರಲಿಲ್ಲ. ಆ ಕಾಲದ ಕೋವಿಗೆ ಮದ್ದೂ ಗುಂಡೂ ನಳಿಗೆಯ ಬಾಯಿಂದಲೇ, ಕಾಗದದ ಪೊಟ್ಟಣ ಹರಿದು ಸುರಿಯುವುದು. ಉರಿದ ಕಾಗದವನ್ನು ಯಾರು ತೊಳೆಯುತ್ತಾರೆ? ಹಿತ್ತಾಳೆ ತೋಟೆ ಬರಲು ಇನ್ನೂ ಅರ್ಧ ಶತಮಾನ ಬೇಕಿತ್ತು. ಅಲ್ಲಿ ಲೋಹವನ್ನು ನಂಬಿದ್ದು ರಾಕೆಟ್ಟು. ಕಬ್ಬಿಣದ ಕೊಳವೆ ಆದ್ದರಿಂದ ಒಳಗಿನ ಒತ್ತಡ ತಡೆದು ದೂರ ಹಾರುತ್ತಿತ್ತು. 1799ರ ಮೇ 2ರಂದು ಕೋಟೆಯೊಳಗಿನ ರಾಕೆಟ್ ದಾಸ್ತಾನಿಗೇ ಮುತ್ತಿಗೆ ಹಾಕಿದ್ದ ಬ್ರಿಟಿಷರ ಗುಂಡು ತಾಗಿ ಸಿಡಿಯಿತು, ಮೇ 4ಕ್ಕೆ ಕೋಟೆ ಬಿತ್ತು.

ಆ ಊರಿನಲ್ಲಿ ಉಳಿದಿರುವ ಮದ್ದಿನ ಮನೆಗಳನ್ನು ಕಟ್ಟಿದವರು ದಪ್ಪ ಗೋಡೆ ಎತ್ತಿದ್ದು ಶತ್ರುವಿಗಷ್ಟೇ ಹೆದರಿ ಅಲ್ಲ, ಕಾವೇರಿಯ ತೇವಕ್ಕೂ ಹೆದರಿ ಎಂದು ನನ್ನ ಊಹೆ. ದ್ವೀಪದ ಮೇಲೆ ಮದ್ದು ಒಣಗಿಸಿಟ್ಟುಕೊಳ್ಳುವುದು ಅರ್ಧ ಯುದ್ಧ. ಅವುಗಳಲ್ಲಿ ಒಂದನ್ನು 2017ರಲ್ಲಿ ಜೋಡಿ ರೈಲು ಹಳಿಗೆ ದಾರಿ ಬಿಡಲು ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿಟ್ಟರು. ಕೆಡವದೆ ಸರಿಸಿದ್ದು ಒಳ್ಳೆಯದಾಯಿತು.

ಹೊಳಪಿಗೆ ಕಣ್ಣು ಸೋಲುವುದು ಹಿತ್ತಾಳೆಯಲ್ಲಿ ಮಾತ್ರವಲ್ಲ. ಪಾಂಡವಪುರದ ಕಡೆಯ ಆಲೆಮನೆಗಳಲ್ಲಿ ಎರಡು ಬಗೆಯ ಬೆಲ್ಲ ಇಳಿಯುತ್ತದೆ. ಬೆಂಡೆ ಗಿಡದ ಲೋಳೆ ಹಾಕಿ ಕಲ್ಮಶ ಎತ್ತಿದ ಕಂದು ಬೆಲ್ಲ ಒಂದು, ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬಣ್ಣ ಎತ್ತಿದ ಹಳದಿ ಬೆಲ್ಲ ಇನ್ನೊಂದು. ಮಾರುಕಟ್ಟೆಯಲ್ಲಿ ಕಣ್ಣು ಮೊದಲು ಹೋಗುವುದು ಹಳದಿಗೆ. ತೋಟೆಯಲ್ಲೂ ಹಾಗೇ: ಒಳಗಿನ ಮಸಿ ಹೋಗಿ ಮೈ ಮಂಕಾಗಿದ್ದರೆ ಅದು ಕೆಲಸಕ್ಕೆ ಬರುತ್ತದೆ, ಮೈ ಮಿಂಚಿ ಕೇಪಿನ ಗುಳಿಯಲ್ಲಿ ಮಸಿ ಉಳಿದಿದ್ದರೆ ಫೋಟೋಕ್ಕೆ ಬರುತ್ತದೆ.

ನೀರಿಲ್ಲದೆ ತೊಳೆಯುವ ಪದ್ಧತಿಯೂ ಇದೆ, ಅಕ್ರೋಟು ಚಿಪ್ಪಿನ ಪುಡಿಯಲ್ಲೋ ಜೋಳದ ದಿಂಡಿನ ಪುಡಿಯಲ್ಲೋ ಅಲುಗಾಡಿಸುವುದು. ಪುಡಿ ಏಳುತ್ತದೆ, ಪುಡಿಯ ಜೊತೆ ಕೇಪಿನಲ್ಲಿದ್ದ ಸೀಸವೂ ಏಳುತ್ತದೆ, ಉಸಿರಿಗೆ ಇಳಿಯುತ್ತದೆ. ನೀರು ಮಾಡುವ ದೊಡ್ಡ ಉಪಕಾರ ಹೊಳಪು ಕೊಡುವುದಲ್ಲ, ಸೀಸ ಹಾರದಂತೆ ಹಿಡಿದುಕೊಳ್ಳುವುದು.

ಹಿಡಿದುಕೊಂಡ ಮೇಲೆ ಆ ಕಪ್ಪು ನೀರು ಎಲ್ಲಿಗೆ? ಹಿತ್ತಾಳೆ ಬೆಳಗಿದವರು ಯಾರೂ ಈ ಪ್ರಶ್ನೆ ಕೇಳಿಕೊಳ್ಳುವುದಿಲ್ಲ. ಹುಣಸೆ ನೀರು ಬಾಳೆಬುಡಕ್ಕೆ ಹೋದರೆ ಬಾಳೆ ಸಾಯದು. ಸೀಸದ ನೀರು ವಿಶ್ವೇಶ್ವರಯ್ಯ ನಾಲೆಗೆ ಹೋದರೆ ಗದ್ದೆಗೆ ಹೋಗುತ್ತದೆ, ಗದ್ದೆಯಿಂದ ತಟ್ಟೆಗೆ. ತೊಳೆಯುವುದೆಂದರೆ ಕೊಳೆಯ ವಿಳಾಸ ಬದಲಿಸುವುದು, ಅಷ್ಟೇ.

ಇದೆಲ್ಲ ಓದಿ ಮನೆಯಲ್ಲಿ ಡ್ರಮ್ಮು ಉರುಳಿಸಲು ಹೊರಟವರಿಗೆ: 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡು ತಯಾರಿಸುವುದಕ್ಕೂ ಪರವಾನಗಿ ಬೇಕು. ಕೋವಿಗೆ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ತೋಟೆ ತುಂಬಲು ಅಪ್ಪಣೆ ಸಿಕ್ಕಿತು ಅಂತಲ್ಲ. ಲೈಸೆನ್ಸ್ ಇದ್ದರೂ ಚುನಾವಣೆ ಬಂದರೆ ಬೆಳೆ ಕಾಯುವ ಕೋವಿಯೂ ಠಾಣೆಯ ಮೂಲೆ ಸೇರುವುದುಂಟು, ಹಂದಿಗಳಿಗೆ ನೀತಿಸಂಹಿತೆ ಇಲ್ಲ.

ಆಯುಧಪೂಜೆಯ ದಿನ ಠಾಣೆಯ ಕೋವಿಗೂ ಮನೆಯ ಕುಡುಗೋಲಿಗೂ ಒಂದೇ ಕುಂಕುಮ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದ ಮೇಲೆ ಎಷ್ಟು ಆಯುಧ ತುಕ್ಕು ಹಿಡಿದವೋ, ಬೆಳಗುವ ಪದ್ಧತಿಗೆ ಮಾತ್ರ ತುಕ್ಕು ಹಿಡಿಯಲಿಲ್ಲ.

ಬೆಳಗಿದರೂ ಉಳಿಯದ ಹಿತ್ತಾಳೆಯೂ ಇದೆ. ಹಳೆಯ ಕೇಪುಗಳಲ್ಲಿ ಪಾದರಸದ ಫಲ್ಮಿನೇಟ್ ಇರುತ್ತಿತ್ತು. ಸಿಡಿದಾಗ ಪಾದರಸ ಹಿತ್ತಾಳೆಯೊಳಕ್ಕೆ ಇಳಿದು ಅದನ್ನು ಹಪ್ಪಳ ಮಾಡುತ್ತಿತ್ತು. ಅಂಥ ತೋಟೆಯನ್ನು ಎಷ್ಟು ತೊಳೆದರೂ ಮತ್ತೆ ತುಂಬಲಾಗದು. ಕ್ಲೋರೇಟ್ ಕೇಪುಗಳದು ಬೇರೆ ಕಾಟ, ಉಳಿಸುವುದು ಉಪ್ಪು. ನಳಿಗೆಗೆ ಎಣ್ಣೆ ಹಚ್ಚಿ ಹಚ್ಚಿ ಸುಸ್ತಾದರೂ ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಒಂದೇ ಸಲಕ್ಕೆ ಕರಗುತ್ತದೆ.

ಒಣಗಿಸುವುದರಲ್ಲಿ ಅವಸರ ಮಾಡಿದವನು ತೊಳೆದದ್ದು ವ್ಯರ್ಥ. ಕೇಪಿನ ಗುಳಿಯಲ್ಲಿ ಒಂದು ಹನಿ ನಿಂತರೆ ಮದ್ದು ಸತ್ತಂತೆ. ಬಟ್ಟೆಯ ಮೇಲೆ ಹರಡಿ, ಬಾಯಿ ಕೆಳಗೆ ಮಾಡಿ, ಬಿಸಿಲಿಗಿಟ್ಟರೆ ಸಾಕು.

ನೀರಿನ ಗುಣವೂ ಊರೂರಿಗೆ ಬೇರೆ. ಒಂದು ಕಡೆ ಹೊಳೆ ನೀರು, ಇನ್ನೊಂದು ಕಡೆ ಬೋರ್‌ವೆಲ್ ನೀರು. ಗಡಸು ನೀರಲ್ಲಿ ಸೋಪು ನೊರೆ ಬಿಡುವುದಿಲ್ಲ, ಒಣಗಿದ ಮೇಲೆ ಹಿತ್ತಾಳೆಯ ಮೈಮೇಲೆ ಸುಣ್ಣದ ಚುಕ್ಕಿ ಉಳಿಯುತ್ತದೆ. ಅಂಥ ನೀರಿಗೆ ನಿಂಬೆ ಉಪ್ಪು ಚೂರು ಜಾಸ್ತಿ ಬೇಕು, ಸುಣ್ಣದ ಅಂಶವನ್ನು ಅದು ಕಟ್ಟಿಹಾಕುತ್ತದೆ. ಕೊನೆಯ ಸಲ ಜಾಲಿಸಲಿಕ್ಕೆ ಮಳೆನೀರು ಹಿಡಿದಿಟ್ಟಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಬ್ಯಾಟರಿ ಅಂಗಡಿಯಿಂದ ಒಂದು ಕ್ಯಾನ್ ಡಿಸ್ಟಿಲ್ಡ್ ವಾಟರ್.