ತಂಗಿದವರಿಗೆ ಕೇಳಿಸುವ ಸಿಳ್ಳು

ಶಾಲೆಯ ಪ್ರವಾಸವೆಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ಒಂದೇ ದಿನದಲ್ಲಿ ಮುಗಿಸಿ, ನಿದ್ದೆಗಣ್ಣಿನ ಮಕ್ಕಳನ್ನು ಸರಿರಾತ್ರಿಯಲ್ಲಿ ಊರಿಗೆ ತಂದಿಳಿಸುವುದು ಎಂದೇ ನಾನೂ ಬಹುಕಾಲ ತಿಳಿದಿದ್ದೆ. ನೋಡಿ ಬರುವುದಕ್ಕೂ ಉಳಿದು ಬರುವುದಕ್ಕೂ ಇರುವ ಅಂತರ ಮನಸ್ಸಿಗೆ ತಟ್ಟಿದ್ದು, ಒಮ್ಮೆ ದಸರಾ ರಜೆಗೆ ಮುಂಚೆ ಚಳ್ಳಕೆರೆ ಕಡೆಯ ಮಕ್ಕಳೊಡನೆ ಆಗುಂಬೆಯ ಬಳಿ ಎರಡು ರಾತ್ರಿ ತಂಗಿದಾಗ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರದು; ಅದರ ಹತ್ತರಲ್ಲೊಂದು ಪಾಲನ್ನೂ ಕಾಣದ ನೆಲದ ಮಕ್ಕಳು, ಬೆಳಿಗ್ಗೆ ಒಗೆದು ಸಂಜೆಯಾದರೂ ಒಣಗದ ಅಂಗಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದರು.

ಮೊದಲ ದಿನವೆಲ್ಲ ಗದ್ದಲ, ಇಂಬಳದ ಭಯ. ರಾತ್ರಿ ಕರೆಂಟು ಹೋದಾಗ ಹುಡುಗಿಯೊಬ್ಬಳು ಅಮ್ಮನನ್ನು ನೆನೆದು ಬಿಕ್ಕತೊಡಗಿದಳು. ತಿಂಗಳಿಂದ ಅವಳೊಡನೆ ಮಾತು ಬಿಟ್ಟಿದ್ದ ಗೆಳತಿಯೇ ತನ್ನ ಕಂಬಳಿಯ ಅರ್ಧವನ್ನು ಅವಳ ಮೇಲೆ ಎಳೆದು, ಏನೂ ಹೇಳದೆ ಮಗ್ಗುಲು ಬದಲಿಸಿ ಮಲಗಿದಳು. ಇದನ್ನು ನಾವು ಯಾವ ಪಾಠದಲ್ಲಿ ಕಲಿಸಿದ್ದೆವು? ಹಗಲು ಮುನಿಸಿಕೊಂಡವರಿಗೆ ಸಂಜೆ ತಂತಮ್ಮ ಮನೆಯ ಬಾಗಿಲು ತೆರೆದಿರುತ್ತದೆ. ಒಂದೇ ಜಮಖಾನದ ಮೇಲೆ ರಾತ್ರಿ ಕಳೆಯಬೇಕಾದವರಿಗೆ ಆ ಅನುಕೂಲವಿಲ್ಲ, ಅದೇ ಅವರ ಭಾಗ್ಯವೆಂದು ನನಗೆ ತೋರುತ್ತದೆ.

ಹೀಗೆ ಜೊತೆಯಾಗಿ ಉಳಿದು ಕಲಿಯುವುದು ಹೊಸತೇನಲ್ಲ. 1941ರಲ್ಲಿ ಶಿಕ್ಷಣತಜ್ಞ ಕರ್ಟ್ ಹಾನ್ ಮತ್ತು ಸಂಗಡಿಗರು ಎಳೆಯ ನಾವಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ವೇಲ್ಸಿನ ಕಡಲ ದಂಡೆಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ತೆರೆದಾಗ, ಒಂದು ತಂಡ ಅಲ್ಲಿ ಸುಮಾರು ಒಂದು ತಿಂಗಳು ಉಳಿಯುತ್ತಿತ್ತು. ಅಷ್ಟು ದಿನ ನಮಗೆ ಎಟುಕದು. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನದಂಥ ಕಾರ್ಯಕ್ರಮಗಳಲ್ಲಿ ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದೆರಡು ದಿನ ಸಿಕ್ಕರೂ ದೊಡ್ಡದು. ಆದರೆ ಸಿಕ್ಕ ಆ ಅಲ್ಪ ಕಾಲವನ್ನೂ ನಾವು ಉಪನ್ಯಾಸ, ಸ್ಪರ್ಧೆ, ಬಹುಮಾನಗಳಿಂದ ಕಿಕ್ಕಿರಿಯುವಂತೆ ತುಂಬುವುದೇಕೆ? ಮಕ್ಕಳು ಅರೆಗಳಿಗೆ ಬೇಸರಪಟ್ಟರೆ ಶಿಬಿರವೇ ಸೋತಿತೆಂದು ಯಾಕೆ ಗಾಬರಿಯಾಗಬೇಕು? ಬೇಸರ ಕಳೆದ ಮೇಲಲ್ಲವೇ ಕಿವಿ ತೆರೆಯುವುದು?

ಆಗುಂಬೆಯ ಎರಡನೆಯ ಬೆಳಗು, ಇನ್ನೂ ಕತ್ತಲಿರುವಾಗಲೇ ಯಾರೋ ಸಿಳ್ಳು ಹಾಕಿದರು. ರಾಗವೂ ಇಲ್ಲದ, ತಾಳವೂ ಇಲ್ಲದ, ಹುಡುಗಾಟದ ಸಿಳ್ಳು. “ಯಾರೋ ಅದು?” ಎಂದು ಗದರಿದೆ. ಉತ್ತರವಿಲ್ಲ. ಮತ್ತೆ ಅದೇ ಸಿಳ್ಳು, ಹಳ್ಳದ ಕಡೆಯಿಂದ. ಸಿಳ್ಳು ಹಾಕುವ ಶಾಲೆಯ ಹುಡುಗನೆಂದೇ ಇಂಗ್ಲಿಷರೂ ಹೆಸರಿಟ್ಟ ಮಲೆನಾಡಿನ ಆ ನೀಲಿಗಪ್ಪು ಹಕ್ಕಿಯ ವಿಷಯ ಹೇಳಲು ನಾನು ಬಾಯಿ ತೆರೆದೆ. ರಾತ್ರಿ ಅತ್ತಿದ್ದ ಹುಡುಗಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು, ತಿರುಗಿ ನೋಡದೆಯೇ ಮೆಲ್ಲಗೆ ಅಂದಳು: “ಸುಮ್ನಿರಿ ಸಾರ್, ಇನ್ನೊಂದ್ಸಾರಿ ಕೂಗ್ತೈತೆ.”