ಬೆರಳಚ್ಚು ಅಳಿಸಿದ ಮೇಲೆ

ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆ ನುಂಗುವ ಹಲವರ ಅಂಗೈ ಕೆಂಪೇರಿ ಸುಲಿಯುತ್ತದೆ; ಕೆಲವರಿಗೆ ಬೆರಳಚ್ಚೇ ಮಾಸುತ್ತದೆ. 2008ರಲ್ಲಿ ಅಮೆರಿಕಕ್ಕೆ ಬಂದಿಳಿದ ಸಿಂಗಪುರದ 62 ವರ್ಷದ ರೋಗಿಯೊಬ್ಬರನ್ನು, ಬೆರಳಚ್ಚು ಮೂಡಲಿಲ್ಲವೆಂದು ವಲಸೆ ಅಧಿಕಾರಿಗಳು ನಾಲ್ಕು ಗಂಟೆ ತಡೆದಿಟ್ಟರು. ಇನ್ನು ಮುಂದೆ ವೈದ್ಯರ ಪತ್ರ ಜೊತೆಗಿರಲಿ ಎಂದು ಹೇಳಿ ಬಿಟ್ಟರು.

ಅದೇ ಮಾತ್ರೆ ನುಂಗುತ್ತಿರುವ ನನ್ನನ್ನು ಈ ಪ್ರಸಂಗ ಕಾಡುತ್ತದೆ. ನಾನು ನಾನೇ ಎಂಬುದಕ್ಕೆ ಪುರಾವೆ ಚರ್ಮದಲ್ಲಿದೆಯೇ? ಊರಿನಲ್ಲಿ ಹಿರಿಯರು ‘ಯಾರ ಪೈಕಿ ನೀನು?’ ಎನ್ನುತ್ತಿದ್ದರು, ನನ್ನ ಗುರುತು ಬಲ್ಲವರ ಬಾಯಲ್ಲಿತ್ತು. ವೈದ್ಯರ ಪತ್ರವೂ ಅಂಥದ್ದೇ, ಒಬ್ಬರ ಪರವಾಗಿ ಇನ್ನೊಬ್ಬರ ಮಾತು.

ಪರದೇಶದಲ್ಲಿ ಬಲ್ಲವರೇ ಇಲ್ಲದವರ ಗತಿ? ತಪಾಸಣೆ ಬೇಡವೆನ್ನುತ್ತಿಲ್ಲ. ಆದರೆ ಚಿಕಿತ್ಸೆ ಅಳಿಸಿದ ಪುರಾವೆಗಾಗಿ ರೋಗಿಯನ್ನೇ ಶಂಕಿಸುವುದು ನ್ಯಾಯವಲ್ಲ. ಮೊದಲು ಅವರ ಮಾತಿಗೆ ಕಿವಿಗೊಡುವ ಹೊಣೆ ಪುರಾವೆ ಕೇಳುವವರದು.