ಹಸಿ ತೊಗಲು

ಡಿಸೆಂಬರ್ ಮೊದಲ ವಾರ, ರಾತ್ರಿ ಎಂಟೂವರೆಯ ಕಾಲ್. ಬೆಂಗಳೂರಿನಲ್ಲಿ ನಾವು ನಾಲ್ಕು ಜನ, ಅಮೆರಿಕದಲ್ಲಿ ಮೂವರು. ಮ್ಯಾನೇಜರ್ ಇನ್ನೂ ಸೇರಿರಲಿಲ್ಲ. ಮೊಂಟಾನಾದಿಂದ ಕೆಲಸ ಮಾಡುವ ನಮ್ಮ ಟೀಮಿನವನೊಬ್ಬ ಕ್ಯಾಮೆರಾ ತಿರುಗಿಸಿ ತನ್ನ ಗ್ಯಾರೇಜ್ ತೋರಿಸಿದ. ತಂತಿಯ ಚೌಕಟ್ಟಿಗೆ ಬಿಗಿದು ಗೋಡೆಗೆ ತೂಗುಹಾಕಿದ ಒಂದು ಚರ್ಮ, ಪಕ್ಕದಲ್ಲಿ ಓರೆಯಾಗಿ ನಿಲ್ಲಿಸಿದ ಮರದ ದಿಮ್ಮಿ. ವೀಕೆಂಡಿನಲ್ಲಿ ತಾನೇ ಹೊಡೆದ ಕಯೋಟಿಯಂತೆ. ಕಯೋಟಿ ಅಂದರೆ ಆ ಕಡೆಯ ಒಂದು ಕಾಡುಪ್ರಾಣಿ. ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು.

ಸುಲಿದರೆ ಕೆಲಸ ಮುಗೀತು ಅಂದ್ಕೋತಾರೆ, ಶುರುವಾಗೋದೇ ಆಮೇಲೆ ಅಂದ. ಚರ್ಮವನ್ನು ಕಾಲುಚೀಲದ ಹಾಗೆ ಒಳಮಗ್ಗುಲು ಹೊರಗೆ ಮಾಡಿ ದಿಮ್ಮಿಗೆ ತೊಡಿಸಬೇಕು. ಎರಡೂ ತುದಿಗೆ ಹಿಡಿ ಇರುವ ಬಾಗಿದ ಅಲಗಿನಿಂದ ಅಂಟಿಕೊಂಡ ಮಾಂಸ, ಕೊಬ್ಬು, ಪೊರೆ ಎಲ್ಲವನ್ನೂ ಕುತ್ತಿಗೆ ಕಡೆಯಿಂದ ನೂಕುತ್ತಾ ಬರಬೇಕು. ಕೊಬ್ಬು ಉಳಿದರೆ ಉಪ್ಪು ಒಳಗಿಳಿಯೋದಿಲ್ಲ, ಚರ್ಮ ಕೊಳೆಯುತ್ತೆ, ಕೂದಲು ಉದುರುತ್ತೆ. ಬಗಲಿನ ಹತ್ತಿರ ತೆಳು, ಅಲ್ಲಿ ಅವಸರ ಮಾಡಿದರೆ ತೂತು. ಮೊಟ್ಟೆಯನ್ನೂ ತಿನ್ನದ ನಮ್ಮ ಬೆಂಗಳೂರಿನ ಸಹೋದ್ಯೋಗಿಯೊಬ್ಬಳು "ಸೋ ಕೂಲ್" ಅಂದಳು. ಉಳಿದವರೂ ಚಪ್ಪಾಳೆಯ ಇಮೋಜಿ ಹಾಕಿದರು.

ಆಮೇಲೆ ಅವನು ನನ್ನನ್ನೇ ಕೇಳಿದ. ನೀನು ಹಳ್ಳಿಯವನಲ್ವಾ, ನಿಮ್ಮ ಕಡೆ ಇದನ್ನು ಮಾಡೋರು ಇದ್ದಾರಾ?

"ಇಲ್ಲ ಅನ್ಸುತ್ತೆ" ಅಂದೆ.

ಸುಳ್ಳು. ನಮ್ಮೂರು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಕಡೆಯದು. ಊರ ಹೊರಗೆ ಡೋಹರ ಓಣಿ, ಅದರಾಚೆ ಸುಣ್ಣದ ಗುಂಡಿಗಳು. ಅಲ್ಲಿಯ ಒಂದು ಮನೆಯ ಕಾಕಾ ಇಂಥದೇ ಓರೆ ದಿಮ್ಮಿಯ ಮೇಲೆ ಇಂಥದೇ ಅಲಗು ನೂಕುವುದನ್ನು ನಾನು ಹತ್ತು ವರ್ಷದವನಿದ್ದಾಗಿನಿಂದ ನೋಡಿದ್ದೇನೆ, ಮೂಗು ಮುಚ್ಚಿಕೊಂಡು, ದೂರದಿಂದ. ಅವರ ಮಗ ನನ್ನ ಕ್ಲಾಸ್‌ಮೇಟ್.

ಆಗಿನ ಒಕ್ಕಲುತನಕ್ಕೆ ತೊಗಲಿಲ್ಲದೆ ಒಂದು ದಿನವೂ ನಡೆಯುತ್ತಿರಲಿಲ್ಲ. ನೊಗಕ್ಕೆ ಕಟ್ಟುವ ಮಿಣಿ, ಬಾರುಕೋಲಿನ ಬಾರು, ಬಾವಿಯಿಂದ ನೀರೆತ್ತುವ ಚೀಲ, ಕಾಲಿನ ಮೆಟ್ಟು, ಜಾತ್ರೆಯ ಹಲಗಿ, ಎಲ್ಲವೂ ತೊಗಲೇ. ಮನೆಯ ಎತ್ತು ಸತ್ತರೆ ಹೇಳಿ ಕಳಿಸುತ್ತಿದ್ದರು. ಅವರು ಬಂದು ಎಳೆದುಕೊಂಡು ಹೋಗುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದು ದೂರ ನಿಂತರೆ ಇಷ್ಟು ಜೋಳ. ಎತ್ತು ಸಾಯುವ ತನಕ ನಮ್ಮದು, ಸತ್ತ ಮೇಲೆ ಅವರದು, ಮಿಣಿಯಾಗಿ ವಾಪಸ್ ಬಂದರೆ ಮತ್ತೆ ನಮ್ಮದು. ನಡುವಿನ ಭಾಗಕ್ಕೆ ನಮಗೆ ಹೇಸಿಗೆ.

ನಮ್ಮ ಆಯಿ ದಿನಾ ಸಂಜೆ ವಚನ ಹೇಳುತ್ತಿದ್ದಳು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ ಎಂಬ ಶರಣನಿದ್ದ, ಕಸುಬು ತೊಗಲು ಹದ ಮಾಡುವುದು. ಬಸವಣ್ಣ ತನ್ನ ವಚನದಲ್ಲಿ ಅವನನ್ನು ಹೆಸರು ಹಿಡಿದು ಬಂಧು ಎಂದು ಕರೆದುಕೊಂಡಿದ್ದಾನೆ. ಆಯಿಗೆ ಅದು ಬಾಯಿಪಾಠ. ಹೇಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು, ನಾಟಕವಲ್ಲ, ನಿಜವಾದ ನೀರು. ಅದೇ ಆಯಿ ನನ್ನ ಗೆಳೆಯ ನೋಟ್ಸ್ ಕೇಳಲು ಬಂದರೆ ಕಟ್ಟೆಯ ಕೆಳಗೆ ನಿಲ್ಲಿಸಿ, ಗೋಡೆಯ ಗೂಡಿನಲ್ಲಿಟ್ಟ ಬೇರೆ ಗ್ಲಾಸಿನಲ್ಲಿ ನೀರು ಕೊಡುತ್ತಿದ್ದಳು. ಈ ಎರಡೂ ಒಂದೇ ಮನಸ್ಸಿನಲ್ಲಿ ಹೇಗೆ ಇದ್ದವು ಅಂತ ಆಯಿಯನ್ನು ಕೇಳುವ ಧೈರ್ಯ ಬರುವಷ್ಟರಲ್ಲಿ ಅವಳು ತೀರಿಕೊಂಡಿದ್ದಳು.

ಆಯಿಯ ಮೇಲೆ ಹಾಕಿ ನಾನು ಪಾರಾಗುವ ಹಾಗಿಲ್ಲ. ಏಳನೇ ಕ್ಲಾಸಿನಲ್ಲಿ ಅವನೂ ನಾನೂ ಒಂದೇ ಬೆಂಚು. ಒಂದು ಮಧ್ಯಾಹ್ನ ನಾನು ಎದ್ದು ನಿಂತು, "ಸರ್, ಇವನ ಮೈ ನಾರ್ತದ, ನಾ ಬ್ಯಾರೆ ಕಡಿ ಕುಂಡರ್ತೀನಿ" ಅಂದೆ. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ಬೇರೆ ಬೆಂಚು ತೋರಿಸಿದರು. ನಿಜ ಹೇಳಬೇಕೆಂದರೆ ಅವತ್ತು ವಾಸನೆ ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಇರಬೇಕು ಅಂತ ಗೊತ್ತಿತ್ತು, ಅಷ್ಟೇ.

ಕಯೋಟಿ ತೋರಿಸಿದ ರಾತ್ರಿ ನನ್ನನ್ನು ಕಾಡಿದ್ದು ಇದು. ಹೇಸಿಗೆ ಕೆಲಸದಲ್ಲೇ ಇರುತ್ತದೆ ಅಂತ ನಾನು ನಂಬಿದ್ದೆ. ಹಸಿ ತೊಗಲು, ಕೊಬ್ಬು, ನೊಣ, ಯಾರಿಗೆ ತಾನೆ ಹೇಸಿಗೆ ಬರೋದಿಲ್ಲ? ಆದರೆ ಮೊಂಟಾನಾದ ಕೊಬ್ಬೂ ಕೊಬ್ಬೇ. ಕಾಲ್ ಮುಗಿದ ಮೇಲೆ ಅವನ ಮಗನನ್ನು ಶಾಲೆಯಲ್ಲಿ ಯಾರೂ ಬೆಂಚಿನಿಂದ ಎಬ್ಬಿಸುವುದಿಲ್ಲ. ಅವನಿಗೆ ಇದು ಹವ್ಯಾಸ, ಹೆಚ್ಚೆಂದರೆ ನೆಂಟರಿಗೆ ಹೇಳಿಕೊಳ್ಳುವ ಕೌಶಲ. ಗಾಂಧಿ ದಕ್ಷಿಣ ಆಫ್ರಿಕಾದಲ್ಲಿ ಚಪ್ಪಲಿ ಹೊಲಿಯಲು ಕಲಿತರು, ಒಂದು ಜೋಡಿ ಜನರಲ್ ಸ್ಮಟ್ಸ್‌ಗೂ ಕೊಟ್ಟರು. ಅದಕ್ಕಾಗಿ ಅವರ ಮೊಮ್ಮಕ್ಕಳನ್ನು ಯಾರೂ ಆ ಕಸುಬಿನ ಹೆಸರಿನಿಂದ ಕರೆಯಲಿಲ್ಲ. ಹಾಗಿದ್ದರೆ ಹೇಸಿಗೆ ತೊಗಲಿಗಲ್ಲದೆ ಇನ್ನೆಲ್ಲಿಗೆ ಅಂಟಿಕೊಂಡಿತ್ತು? ಮೂಗಿನಿಂದ ಬಂದದ್ದು ಅಂತ ನಾನು ಅಂದುಕೊಂಡದ್ದನ್ನು ನಿಜವಾಗಿ ಕಿವಿಯಿಂದ ಕಲಿತಿದ್ದೆ.

ಇಂಥ ಜ್ಞಾನೋದಯ ಆದಾಗ ನಮ್ಮಂಥವರು ಏನು ಮಾಡುತ್ತೇವೆ ಅಂತ ನಿಮಗೆ ಗೊತ್ತು. ತಕ್ಷಣ ಏನಾದರೂ ಒಳ್ಳೆಯದು ಮಾಡಬೇಕು ಅನ್ನಿಸುತ್ತದೆ. ಎಳ್ಳಮಾವಾಸ್ಯೆಗೆ ಊರಿಗೆ ಹೊರಟೆ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು, ಮಾರನೇ ದಿನ ಡೋಹರ ಓಣಿಗೆ ಹೋದೆ. ಮೂವತ್ತನಾಲ್ಕು ವರ್ಷದಲ್ಲಿ ಆ ಅಂಗಳದೊಳಗೆ ಕಾಲಿಟ್ಟಿದ್ದು ಅದೇ ಮೊದಲು.

ಕಾಕಾಗೆ ಎಪ್ಪತ್ತು ದಾಟಿದೆ. ಎತ್ತು, ಎಮ್ಮೆಯ ತೊಗಲು ಹದ ಮಾಡುವುದು ಬಿಟ್ಟು ವರ್ಷಗಳಾದವು. ತಂಗಡಿ, ಜಾಲಿ ತೊಗಟೆಯ ನೀರಿನಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡುವ ತೊಗಲನ್ನು ಈಗ ಕೇಳುವವರಿಲ್ಲ. ಕ್ರೋಮ್ ಹಾಕುವ ಫ್ಯಾಕ್ಟರಿಗಳು ಅದನ್ನು ದಿನಗಳಲ್ಲಿ ಮುಗಿಸುತ್ತವೆ, ಮಿಣಿಯ ಜಾಗಕ್ಕೆ ನೈಲಾನ್ ಹಗ್ಗ ಬಂತು, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್. ಈಗ ಹಲಗಿಗೆ ಬೇಕಾದ ಆಡಿನ ತೊಗಲು ಮಾತ್ರ. ಆಳಂದ ಕಡೆಯ ಹಲಗಿ ಬಾರಿಸುವವರಿಗಾಗಿ ಒಂದು ತೊಗಲು ಸುಣ್ಣದ ನೀರಿನಿಂದ ತೆಗೆದು, ಕೂದಲು ಕೆರೆದು ಇಟ್ಟಿದ್ದರು. ಒಳಮಗ್ಗುಲು ಬಾಕಿ ಇತ್ತು.

"ನಾ ಮಾಡ್ಲೇನ್ರಿ ಕಾಕಾ?" ಅಂದೆ. ಅವರು ನನ್ನ ಕೈ ನೋಡಿದರು, ಶೂ ನೋಡಿದರು. "ಮಾಡು ತಮ್ಮಾ" ಅಂದರು.

ಸುಣ್ಣದಲ್ಲಿ ನೆನೆದ ತೊಗಲು ಉಬ್ಬಿ ರಬ್ಬರಿನ ಹಾಗಾಗಿರುತ್ತದೆ. ಆಗಲೇ ಪೊರೆ ಸಲೀಸಾಗಿ ಬಿಡುವುದು. ಒಣಗಲು ಬಿಟ್ಟರೆ ಬಿಗಿದುಕೊಳ್ಳುತ್ತದೆ. ದಿಮ್ಮಿಯ ಮೇಲೆ ಹೊದಿಸಿ, ಒಂದು ಅಂಚನ್ನು ಹೊಟ್ಟೆಯಿಂದ ಒತ್ತಿ ಹಿಡಿದು, ಅಲಗನ್ನು ಮಲಗಿಸಿ ಮುಂದಕ್ಕೆ ನೂಕಬೇಕು. ನಾನು ಕೊಯ್ಯುತ್ತಿದ್ದೆ. "ಕೊಯ್ಯಬ್ಯಾಡ, ದಬ್ಬು" ಅಂದರು. ಅಲಗು ಬಹಳ ಹರಿತ ಇದ್ದರೆ ತೊಗಲನ್ನೇ ತಿನ್ನುತ್ತದೆ, ಮೊಂಡಾದರೆ ಕೊಬ್ಬನ್ನು ಸವರುತ್ತದೆ ಅಷ್ಟೇ, ಕೀಳುವುದಿಲ್ಲ. ಐದು ನಿಮಿಷಕ್ಕೆ ಸೊಂಟ ಹಿಡಿಯಿತು. ಬೂದು ಬಣ್ಣದ ಪೊರೆ ಸುರುಳಿ ಸುತ್ತಿಕೊಂಡು ಅಲಗಿನ ಮುಂದೆ ಸರಿಯತೊಡಗಿದಾಗ ಮಾತ್ರ, ಹೇಳಲೇಬೇಕು, ಖುಷಿಯಾಯಿತು. ವಾಸನೆ ಇತ್ತು. ಕಾಲು ಗಂಟೆಯಲ್ಲಿ ಮರೆತುಹೋಯಿತು.

"ಬಗಲಾಗ ಅವಸರ ಮಾಡಬ್ಯಾಡ" ಅಂದರು ಕಾಕಾ. ಮೊಂಟಾನಾದವನ ಮಾತು ಅಫಜಲಪುರದಲ್ಲಿ ಕೇಳಿ ನಗು ಬಂತು, ಫೋನ್ ತೆಗೆದು ಒಂದು ಫೋಟೋ ಹೊಡೆದುಕೊಳ್ಳೋಣ ಅನ್ನಿಸಿತು. ಹೊಡೆದುಕೊಂಡೆ. ಮತ್ತೆ ಅಲಗು ಹಿಡಿದ ಮೊದಲ ನೂಕಿಗೇ ಬಗಲಿನ ಹತ್ತಿರ ಹುಣಸೆಬೀಜದಷ್ಟು ತೂತು ಬಿತ್ತು.

ಅದೇ ಹೊತ್ತಿಗೆ ಗೆಳೆಯ ಬಂದ. ಅವನು ಜೇವರ್ಗಿಯ ಹತ್ತಿರ ಹೈಸ್ಕೂಲ್ ಮೇಷ್ಟ್ರು, ಗಣಿತ ಹೇಳುತ್ತಾನೆ, ಹಬ್ಬಕ್ಕೆಂದು ಹೆಂಡತಿ ಮಗನ ಜೊತೆ ಬಂದಿದ್ದ. ಬೈಕ್ ನಿಲ್ಲಿಸಿ ನನ್ನನ್ನು ನೋಡಿದ, ಅಲಗು ನೋಡಿದ, ದಿಮ್ಮಿಯ ಪಕ್ಕ ಇಟ್ಟ ಫೋನ್ ನೋಡಿದ. ಮಗನನ್ನು ಮೊದಲು ಒಳಗೆ ಕಳಿಸಿದ.

"ಏನು ನಡ್ಸೀದಿ?"

ಕಲಿಯಲಾಕ ಬಂದೀನಿ ಅಂದೆ. ಇದು ದೊಡ್ಡ ಕಲೆ, ಕಾಕಾನ ನಂತರ ಯಾರಿಗೂ ಬರೋದಿಲ್ಲ, ವಿಡಿಯೋ ಮಾಡಿ ಇಡಬೇಕು, ಬೆಂಗಳೂರಿನಲ್ಲಿ ಒಂದು ವರ್ಕ್‌ಶಾಪ್ ಮಾಡಿದರೆ ಜನ ದುಡ್ಡು ಕೊಟ್ಟು ಬರ್ತಾರೆ, ಹೀಗೆ. ಬಸ್ಸಿನಲ್ಲಿ ಯೋಚಿಸಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಕಲೆ ಇದ್ರ ನಿನ್ನ ಮಗಗ ಕಲಸು" ಅಂದ.

ನಾನು ಸುಮ್ಮನಾದೆ.

"ನೀ ಸಂಜೀಕ ಸಾಬೂನು ಹಚ್ಚಿ ತೊಳ್ಕೊಂಡು ಬೆಂಗಳೂರು ಬಸ್ ಹತ್ತತಿ. ನಮ್ಮಪ್ಪ ಐವತ್ತು ವರ್ಷ ತೊಳ್ಕೊಂಡಾನ. ಹೋಗ್ಯಾದೇನು ಕೇಳು ಊರಾಗ."

ಏಳನೇ ಕ್ಲಾಸಿನ ಬೆಂಚಿನ ಮಾತು ಅವನು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಅವನ ಮಾತಿಗೆ ಉತ್ತರ ಹುಡುಕುತ್ತಾ ನಾನು ಇಷ್ಟು ದಿನ ಕಳೆದಿದ್ದೇನೆ. ಯಾವ ಕೆಲಸವೂ ಕೀಳಲ್ಲ, ಎಲ್ಲ ಕಸುಬಿಗೂ ಗೌರವ ಕೊಡಬೇಕು ಅಂತ ನಾವು ಹೇಳುತ್ತೇವೆ. ಒಳ್ಳೆಯ ಮಾತು. ಆದರೆ ಮೊಂಟಾನಾದವನ ಗೌರವ ಬಂದದ್ದು ಚರ್ಮದಿಂದಲ್ಲ. ನಾಳೆ ಬೇಸರವಾದರೆ ಅವನು ಆ ಅಲಗನ್ನು ಮಾರಿ ಗಿಟಾರ್ ಕೊಳ್ಳಬಹುದು. ಕಾಕಾಗೆ ಆ ಆಯ್ಕೆ ಯಾವತ್ತೂ ಇರಲಿಲ್ಲ. 1927ರ ಮಹಾಡ್ ಸಮ್ಮೇಳನದಲ್ಲಿ ಅಂಬೇಡ್ಕರ್ ತಮ್ಮ ಜನಕ್ಕೆ ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಅಂದರು. ಬಿಡುವುದರಿಂದಲೇ ಶುರು ಮಾಡಿ ಅಂದರು. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಅರೆಬೆತ್ತಲೆ ಮಾಡಿ ಥಳಿಸಿದರು. ಅದಾದ ಮೇಲೆ ಸುರೇಂದ್ರನಗರದಲ್ಲಿ ಜನ ಸತ್ತ ದನಗಳನ್ನು ತಂದು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಹಾಕಿ, ಇನ್ನು ನಾವು ಎತ್ತುವುದಿಲ್ಲ ಅಂದರು. ನಾನು ಆಗ ಅದನ್ನು ಪ್ರತಿಭಟನೆಯ ಒಂದು ವಿಧಾನ ಅಂತ ಓದಿ ಮರೆತಿದ್ದೆ. ಈಗ ಅನ್ನಿಸುತ್ತದೆ, ಗೌರವದ ಮಾತಾಡುವ ಮುಂಚೆ ಈ "ಇಲ್ಲ" ಅನ್ನುವ ಹಕ್ಕು ಇರಬೇಕಿತ್ತು. ಅದಿಲ್ಲದೆ ನಾನು "ಕಲೆ" ಅಂದರೆ, ಇನ್ನೂ ಸ್ವಲ್ಪ ದಿನ ಇದನ್ನೇ ಮಾಡ್ಕೊಂಡಿರಿ ಅಂತ ಚಂದದ ಮಾತಲ್ಲಿ ಹೇಳಿದ ಹಾಗೆ.

ಇಷ್ಟಕ್ಕೇ ಮುಗಿಸಿದರೆ ನನಗೂ ಸುಲಭ. ಆದರೆ ಅವತ್ತು ಮಗ ಒಳಗೆ ಹೋದ ಮೇಲೆ ಕಾಕಾ ತಾವೇ ಅಲಗು ತೆಗೆದುಕೊಂಡು ಉಳಿದ ಅರ್ಧವನ್ನು ಹತ್ತು ನಿಮಿಷದಲ್ಲಿ ಮುಗಿಸಿದರು, ಒಂದೂ ಗೀರಿಲ್ಲದೆ. ತೊಗಲನ್ನು ಬೆಳಕಿಗೆ ಹಿಡಿದರು. ಬಿಸಿಲು ಅದರೊಳಗಿಂದ ಹಾದು ಬಂತು. "ಅವಗ ನಾಚಿಕಿ ತಮ್ಮಾ. ನಂಗಿಲ್ಲ. ನನ್ನ ಕೈಯಾಗ ಒಂದು ತೊಗಲೂ ಕೊಳ್ತಿಲ್ಲ" ಅಂದರು. ಮಗನಿಗೆ ಕೇಳಿಸಲಿ ಅಂತ ಸ್ವಲ್ಪ ಜೋರಾಗಿಯೇ ಅಂದರು. ಒಳಗಿನಿಂದ ಉತ್ತರ ಬರಲಿಲ್ಲ.

ಹಾಗಾದರೆ ನಾನು ಯಾರ ಪರ? ಅಪ್ಪನ ಕೌಶಲವನ್ನು ಹೊಗಳಿದರೆ ಮಗನಿಗೆ ಅದು ಸರಪಳಿಯ ಸದ್ದು. ಮಗನ ನಿರಾಕರಣೆಗೆ ತಲೆದೂಗಿದರೆ ಅಪ್ಪನ ಐವತ್ತು ವರ್ಷ ಬರೀ ನಾತ. ಇಬ್ಬರ ಮಾತೂ ಸರಿ ಅನ್ನಿಸುತ್ತದೆ, ಒಂದರಿಂದ ಇನ್ನೊಂದನ್ನು ಕಳೆಯಲು ಬರುವುದಿಲ್ಲ. ಈ ಲೆಕ್ಕ ಆ ಮನೆಯೊಳಗಿನದು, ಅವರಿಬ್ಬರದು. ಅಲ್ಲಿ ಕೂತು ತೀರ್ಪು ಕೊಡಲು ನನ್ನನ್ನು ಯಾರೂ ಕರೆದಿಲ್ಲ. ನನ್ನ ಲೆಕ್ಕ ಬೇರೆ: ಒಂದು ಬೆಂಚು, ಒಂದು ಗ್ಲಾಸು, ಕಾಲ್‌ನಲ್ಲಿ ಹೇಳಿದ ಒಂದು "ಇಲ್ಲ".

ತೂತು ಬಿದ್ದ ತೊಗಲನ್ನು ಬಿಗಿದರೆ ತೂತು ಹಿಗ್ಗುತ್ತದೆ, ದೊಡ್ಡ ಹಲಗಿಗೆ ಬರುವುದಿಲ್ಲ. ಆ ಭಾಗ ಕತ್ತರಿಸಿ ಸಣ್ಣ ಬಳೆಗೆ ಹಾಕ್ತೀನಿ ಅಂದರು ಕಾಕಾ. ನಾನು ಸಂಕೋಚದಿಂದ ಐನೂರು ರೂಪಾಯಿ ತೆಗೆದೆ. ಬ್ಯಾಡ ಅನ್ನುತ್ತಾರೆ ಅಂದುಕೊಂಡಿದ್ದೆ. "ಕೊಡು, ತೊಗಲು ಕೆಡಿಸೀದಿ" ಅಂತ ತೆಗೆದುಕೊಂಡರು.

ಗೆಳೆಯ ಹೊರಗೆ ಬಂದು ಸಾಬೂನು ಕೊಟ್ಟ, ಕೊಡದಿಂದ ನನ್ನ ಕೈಗೆ ನೀರು ಹಾಕಿದ. ತೊಳೆದುಕೊಂಡು, ಕುಡಿಯಲು ನೀರು ಕೇಳಿದೆ. ಒಂದು ಕ್ಷಣ ನನ್ನ ಮುಖ ನೋಡಿ ಒಳಗಿಂದ ತಂಬಿಗೆ ತಂದ.

"ಕುಡಿ. ಆದ್ರ ಇದರದೊಂದು ಫೋಟೋ ಹಾಕಬ್ಯಾಡ."

ಆ ಮೊದಲಿನ ಫೋಟೋವನ್ನೂ ಅವನ ಎದುರಿಗೇ ಅಳಿಸಿದೆ. ಬರೆಯಬಹುದೇ ಅಂತ ಆಮೇಲೆ ಫೋನ್ ಮಾಡಿ ಕೇಳಿದೆ. ಊರಿನ ಹೆಸರು, ಅಪ್ಪನ ಹೆಸರು, ತನ್ನ ಹೆಸರು ಯಾವುದೂ ಇರಬಾರದು, ಬೆಂಚಿನ ವಿಷಯ ಮಾತ್ರ ಬಿಡದೆ ಬರಿ ಅಂದ. ಅದು ಅವನಿಗೆ ನೆನಪಿತ್ತು.

ಮೊಂಟಾನಾದವನು ಮೊನ್ನೆ ಹದಮಾಡಿದ ಕಯೋಟಿ ಚರ್ಮವನ್ನು ಕುರ್ಚಿಯ ಮೇಲೆ ಹಾಸಿಕೊಂಡು ಕಾಲ್‌ಗೆ ಬಂದಿದ್ದ. ನಮ್ಮ ಕಡೆ ಇದನ್ನು ಮಾಡುವವರು ಇದ್ದಾರೆ, ಅವತ್ತು ನಾನು ಹೇಳಿದ್ದು ತಪ್ಪು ಅಂದೆ. ಹೌದಾ, ಹಾಗಾದರೆ ಅವರ ವಿಡಿಯೋ ಇದ್ದರೆ ಕಳಿಸು ಅಂದ. ಅಷ್ಟರಲ್ಲಿ ಮ್ಯಾನೇಜರ್ ಸೇರಿದರು.